ಗೋಲೇ ಬಂದು ಚೆಂಡಿನ ಮೇಲೆ ಬಿದ್ದದ್ದು

ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ನೆಮ್ಮದಿ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಕೇಳಬೇಡಿ. ನಾನು ನಾಸಿಕದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ನಾಲ್ಕೂ ಹತ್ತಕ್ಕೆ ಸರಿಯಾಗಿ ಓದುವ ಕೋಣೆಯ ಫ್ಯಾನುಗಳನ್ನು ಆರಿಸುತ್ತೇನೆ. ಆಗ ಮಾತ್ರ ಅಲ್ಲಿ ನಿದ್ದೆ ಮಾಡುತ್ತಿರುವ ವಿದ್ಯಾರ್ಥಿಗಳು ಎದ್ದು ಮನೆಗೆ ಹೋಗುತ್ತಾರೆ. ಅವತ್ತು ಫ್ಯಾನು ನಿಂತಿತು, ವಿದ್ಯಾರ್ಥಿಗಳು ಹೋದರು, ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಅಪಾಯವೆಂಬುದು ಗುಡುಗು ಸಿಡಿಲುಗಳ ಸಮೇತ ಬರುತ್ತದೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಹಾಗೇನಿಲ್ಲ. ಅದು ಚಪ್ಪಲಿ ಹೊರಗೆ ಬಿಟ್ಟು, ಒಮ್ಮೆ ಕೆಮ್ಮಿ, ಸಂಕೋಚದಿಂದ ಒಳಗೆ ಬಂದು, "ಫುಟ್‌ಬಾಲ್ ಮ್ಯಾಲ ಏನರೆ ಪುಸ್ತಕ ಅದಾವೇನು?" ಎಂದು ಕೇಳುತ್ತದೆ.

ನಮ್ಮವರ ಹೆಸರು ಶಿವಶರಣಪ್ಪ. ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಇಲ್ಲಿ ಸಾತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮದುವೆಯಾದಂದಿನಿಂದ ಅವರು ಓಡಿದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ. ಇಗತಪುರಿ ಸ್ಟೇಷನ್ನಿನಲ್ಲಿ ವಡಾಪಾವ್ ತರಲು ಇಳಿದಿದ್ದರು, ರೈಲು ಹೊರಟುಬಿಟ್ಟಿತು. ಆ ಓಟವನ್ನು ಓಟ ಎನ್ನುವುದು ಅತಿಶಯೋಕ್ತಿ. ರೈಲೇ ಕನಿಕರಪಟ್ಟು ನಿಧಾನವಾಯಿತು ಎನ್ನಬೇಕು. ಇಂಥವರಿಗೆ ಫುಟ್‌ಬಾಲ್ ಏಕೆ ಬೇಕಾಯಿತು ಎಂದರೆ, ಅವರ ಕಾರ್ಖಾನೆಗೆ ಸಂಭಾಜಿನಗರದ ವಾಳೂಜದಲ್ಲಿ ಇನ್ನೊಂದು ಘಟಕ ಉಂಟು. ಎರಡೂ ಘಟಕಗಳ ನಡುವೆ ವರ್ಷವರ್ಷವೂ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಹೋದ ವರ್ಷ ಒಂದು ಎಲ್‌ಬಿಡಬ್ಲ್ಯೂ ವಿಷಯಕ್ಕೆ ಜಗಳ ಹತ್ತಿ, ಅಲ್ಲಿಂದ ಇಲ್ಲಿಗೆ ಬರಬೇಕಾದ ಬೇರಿಂಗುಗಳೇ ಕೆಲಕಾಲ ಬರದೆ ನಿಂತವಂತೆ. ಆದ್ದರಿಂದ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಈ ವರ್ಷ ಫುಟ್‌ಬಾಲ್ ಎಂದು ಘೋಷಿಸಿದರು. ಕಾರಣ ಸರಳ: ಅದರಲ್ಲಿ ಎಲ್‌ಬಿಡಬ್ಲ್ಯೂ ಇಲ್ಲ.

"ನಿಮ್ಮನ್ನ ಯಾಕ ತಗೊಂಡ್ರರಿ ಟೀಮಿನಾಗ?" ಎಂದು ಕೇಳಿದೆ. ಹೆಂಡತಿಯಾಗಿ ಕೇಳಬಾರದಿತ್ತು, ಆದರೆ ಪ್ರಶ್ನೆ ನ್ಯಾಯವಾದದ್ದು.

"ಗೋಲ್‌ಕೀಪರ್ ಅಂತ. ಸಾಹೇಬ್ರ ಹೇಳ್ಯಾರ, ಚೀಟಿ ಇಲ್ಲದ ಒಂದು ನಟ್ಟೂ ಈ ಮನುಷ್ಯಾ ಹೊರಗ ಬಿಡಂಗಿಲ್ಲ, ಬಾಲ್ ಹ್ಯಾಂಗ ಒಳಗ ಬಿಡ್ತಾನ ಅಂತ." ಹೇಳುವಾಗ ಇವರ ಮುಖದಲ್ಲಿ ಮದುವೆಯ ದಿನವೂ ಇಲ್ಲದ ಕಳೆ ಇತ್ತು. ನಾನು ಬೀರುವಿನ ಕೀಲಿ ತೆಗೆದೆ.

ಈಗ, ಫುಟ್‌ಬಾಲ್ ತಿಳಿಯಲು ಯಾವ ಪುಸ್ತಕ ಓದಬೇಕು ಎಂದು ನನ್ನನ್ನು ಕೇಳುವವರು ಬಹಳ ಮಂದಿ ಆಗಿದ್ದಾರೆ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಸರು ಮಾತ್ರ ಕೇಳಬೇಡಿ. ನಮ್ಮ ವೃತ್ತಿಯಲ್ಲಿ ಪುಸ್ತಕಗಳು ಹೆಸರಿನಿಂದ ನೆನಪಿರುವುದಿಲ್ಲ, ಬಣ್ಣದಿಂದ, ದಪ್ಪದಿಂದ ನೆನಪಿರುತ್ತವೆ. ಓದುಗರು ಕೇಳುವುದೂ "ಆ ನೀಲಿ ಪುಸ್ತಕ ಕೊಡ್ರಿ ಮ್ಯಾಡಮ್" ಎಂದೇ. ಮೊದಲು ಓದಬೇಕಾದದ್ದು ತೆಳ್ಳಗಿನ ಹಳದಿ ನಿಯಮಗಳ ಪುಸ್ತಕ. ಅದರಲ್ಲಿ ಆಫ್‌ಸೈಡ್ ಎಂಬುದೊಂದಿದೆ. ನಾನು ಎಂ.ಲಿಬ್. ಮಾಡಿದವಳು, ಮೂರು ಸಲ ಓದಿದೆ. ನಮ್ಮ ಕಡೆಯ ಮದುವೆಗಳಲ್ಲಿ ಯಾರು ಯಾರಿಗಿಂತ ಮುಂಚೆ ಊಟಕ್ಕೆ ಕೂಡಬಾರದು ಎಂಬ ನಿಯಮವಿದೆಯಲ್ಲ, ಹೆಚ್ಚು ಕಡಿಮೆ ಅದೇ. ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರು ಬೈಸಿಕೊಳ್ಳುತ್ತಾರೆ. ಎರಡನೆಯದು ಇಟ್ಟಿಗೆಯಂಥ ಕೆಂಪು ಇತಿಹಾಸ. ಗಿರಣಿ ಕೆಲಸಗಾರರು, ಹಡಗಿನವರು, ಪಾದ್ರಿಗಳು ಈ ಆಟವನ್ನು ಜಗತ್ತಿನ ತುಂಬ ಹಬ್ಬಿಸಿದ ಕಥೆ. ಚೆನ್ನಾಗಿದೆ, ಆದರೆ ಮಲಗಿ ಓದಬೇಡಿ, ಮೂಗಿನ ಮೇಲೆ ಬೀಳುತ್ತದೆ. ಮೂರನೆಯ ಜಾತಿ ಅಭಿಮಾನಿಗಳು ತಮ್ಮ ಬಗ್ಗೆ ತಾವೇ ಬರೆದುಕೊಂಡವು. ಇವು ನನಗೆ ಬಹಳ ಹಿಡಿಸಿದವು. ಸೋಲುವುದೇ ಕಸುಬಾದ ತಂಡವೊಂದನ್ನು ಹಿಡಿದುಕೊಂಡು, ಮಳೆಯಲ್ಲಿ ನಿಂತು, ನೆಗಡಿ ಹಚ್ಚಿಕೊಂಡು, ಮುಂದಿನ ವಾರ ಮತ್ತೆ ಹೋಗುತ್ತಾರೆ. ಇದರಲ್ಲಿ ಸಂಸಾರದ ಬಗ್ಗೆ ಹೇಳಬೇಕಾದದ್ದೆಲ್ಲ ಬಂದುಹೋಯಿತು. ವ್ಯೂಹಗಳ ಪುಸ್ತಕವನ್ನು ಮಾತ್ರ ಮುಟ್ಟಬೇಡಿ. ಪುಟದ ತುಂಬ ಬಾಣಗಳು, ಸಂಭಾಜಿನಗರದ ಹೊಸ ಸೇತುವೆಯ ಕೆಳಗಿನ ದಾರಿಫಲಕಗಳ ಹಾಗೆ. ಎತ್ತ ಹೋದರೂ ತಪ್ಪೇ.

ಇನ್ನು ಕೊನೆಯದು ಗೋಲ್‌ಕೀಪರುಗಳ ಪುಸ್ತಕ. ಕಪ್ಪು ರಟ್ಟು. ಇದನ್ನು ನಮ್ಮವರು ಭಕ್ತಿಯಿಂದ ಓದಿದರು. ಓದಿದರು ಎಂದರೆ ನಾನು ಓದಿ ಹೇಳಿದೆ, ಅವರು ಚಹಾ ಕುಡಿಯುತ್ತ ಕೇಳಿದರು. ಅದರಲ್ಲೊಂದು ಮುಖ್ಯ ಉಪದೇಶ: ಚೆಂಡು ತನ್ನದು ಎನಿಸಿದಾಗ ಕೀಪರನು ಒಂದೇ ಶಬ್ದ ಕೂಗಬೇಕು, ಅದು ಚಿಕ್ಕದಿರಬೇಕು, ಕೂಗಿದ ಕೂಡಲೆ ತನ್ನವರೆಲ್ಲ ಚೆಂಡನ್ನು ಅವನಿಗೆ ಬಿಟ್ಟು ಸರಿಯಬೇಕು. ಇವರು ಬಹಳ ಹೊತ್ತು ಯೋಚಿಸಿದರು.

"ಬಿಡು ಅನ್ನಲೇನು?"

"ಅನ್ನರಿ. ಚೊಲೋ ಅದ."

"ಡಿಫೆನ್ಸಿನಾಗ ಕುಲಕರ್ಣಿ ಸಾಹೇಬ್ರ ಇರ್ತಾರ. ಅವ್ರಿಗೆ ಬಿಡು ಅಂತ ಹ್ಯಾಂಗ ಅಂತಿ? ಬಿಡ್ರಿ ಅಂತೀನಿ."

ನೋಡಿ, ಬೀದರಿನ ಮನುಷ್ಯನ ಮರ್ಯಾದೆ. ಎದುರಿನಿಂದ ಚೆಂಡು ಗುಂಡಿನಂತೆ ಬರುತ್ತಿದ್ದರೂ ಮೇಲಧಿಕಾರಿಗೆ ಬಹುವಚನ ತಪ್ಪಬಾರದು. ಆ ಒಂದು 'ರಿ'ಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಅದರ ಹಿಂದಿನ ಅಕ್ಷರಗಳಲ್ಲಿತ್ತು. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. ಹೊಳೆಯಬಹುದಾಗಿದ್ದ ಮಗಳು ಅಕ್ಷತಾ ಕಿವಿಗೆ ವೈರು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತಿದ್ದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಜೂನಿಯರ್ ಕಾಲೇಜು ಓದುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದು ಮಾತ್ರ ತನ್ನದೇ ಒಂದು ಭಾಷೆ.

ಪಂದ್ಯ ನಡೆದದ್ದು ಮದುವೆಯ ಲಾನಿನಲ್ಲಿ. ನಾಸಿಕದಲ್ಲಿ ಹುಲ್ಲು ಬೇಕೆಂದರೆ ಒಂದೋ ದ್ರಾಕ್ಷಿ ತೋಟದ ಬದುವಿಗೆ ಹೋಗಬೇಕು, ಇಲ್ಲವೇ ಮದುವೆಯ ಲಾನಿಗೆ. ಮುಹೂರ್ತವಿಲ್ಲದ ತಿಂಗಳು, ಸಾಹೇಬರ ಪರಿಚಯದವರ ಲಾನು, ಸಿಕ್ಕಿತು. ಆದರೆ ಹುಲ್ಲಿನಲ್ಲಿ ಒಂದು ಗುಂಡಿಯನ್ನೂ ತೋಡಕೂಡದು ಎಂದು ಮಾಲೀಕರು ಹೇಳಿದರು. ಹಾಗಾಗಿ ಕಾರ್ಖಾನೆಯವರು ದಪ್ಪ ಕಬ್ಬಿಣದ ಪೈಪುಗಳಿಂದ ಬೆಸುಗೆ ಹಾಕಿದ ಗೋಲುಕಂಬಗಳನ್ನು ಹುಲ್ಲಿನ ಮೇಲೆ ಸುಮ್ಮನೆ ನಿಲ್ಲಿಸಿದ್ದರು, ಕಪಾಟು ನಿಲ್ಲಿಸಿದ ಹಾಗೆ. ಹಿಂದೆ ಕಟ್ಟಿದ್ದ ಬಲೆ ಹತ್ತಿರದ ನಿಫಾಡ ಎಂಬ ಊರಿನದು. ಹಕ್ಕಿಗಳು ದ್ರಾಕ್ಷಿ ತಿನ್ನದಿರಲೆಂದು ತೋಟಕ್ಕೆ ಹೊದಿಸುತ್ತಾರಲ್ಲ, ಅದು. ಕಾರ್ಖಾನೆಯ ಪೇಂಟ್ ವಿಭಾಗದ ಪವಾರ ಎಂಬವರು ತಮ್ಮ ಮಾವನ ತೋಟದಿಂದ ತಂದಿದ್ದರು. ಗೋಲಿನ ಹಿಂದೆಯೇ ಮದುವೆಯ ವೇದಿಕೆ, ಅದರ ಮೇಲೆ ವಧೂವರರ ಎರಡು ಸಿಂಹಾಸನ. ಬೇರೆ ಕುರ್ಚಿಗಳಿಲ್ಲದ್ದರಿಂದ ನಾನು ವಧುವಿನ ಸಿಂಹಾಸನದಲ್ಲಿ ಕುಳಿತೆ. ಅಕ್ಷತಾ ವರನದರಲ್ಲಿ ಕುಳಿತು ಫೋಟೊ ಹೊಡೆದುಕೊಂಡಳು. ನನ್ನ ಮದುವೆಯಲ್ಲಿ ಚಾಪೆಯ ಮೇಲೆ ಕೂಡಿಸಿದ್ದರು; ಒಳ್ಳೆಯ ಸ್ಥಳ ಸಿಕ್ಕಿತು ಎಂದು ಹಿಗ್ಗಿದೆ. ಮುಂದೆ ನಡೆದದ್ದನ್ನು ಅಷ್ಟು ಚೆನ್ನಾಗಿ ನೋಡಲು ಸಿಗದಿದ್ದರೆ ಎಷ್ಟು ಚೆನ್ನಾಗಿತ್ತು.

ಅರ್ಧ ಆಟ ಕಳೆದಿತ್ತು. ಇಬ್ಬರದೂ ಗೋಲಿಲ್ಲ. ವಾಳೂಜದ ಒಬ್ಬ ದೈತ್ಯ, ಫೋರ್ಜಿಂಗ್ ವಿಭಾಗದವನಂತೆ, ಚೆಂಡನ್ನು ಮುಂದೆ ತಳ್ಳಿಕೊಂಡು ನುಗ್ಗಿ ಬಂದ. ಚೆಂಡು ಸ್ವಲ್ಪ ಹೆಚ್ಚೇ ಮುಂದೆ ಉರುಳಿತು. ಕಪ್ಪು ಪುಸ್ತಕದಲ್ಲಿ ಬರೆದ ಕ್ಷಣ ಇದೇ ಎಂದು ನನಗೂ ತಿಳಿಯಿತು. ನಮ್ಮವರು ಎರಡು ಹೆಜ್ಜೆ ಮುಂದೆ ಬಂದು ಸ್ವಚ್ಛ ಗಂಟಲಿನಿಂದ ಕೂಗಿದರು: "ಬಿಡ್ರಿ! ಬಿಡ್ರಿ!"

ಒಂದು ಕಡೆಯಿಂದ ಕುಲಕರ್ಣಿ ಸಾಹೇಬರು, ಇನ್ನೊಂದು ಕಡೆಯಿಂದ ಪವಾರ. ಇಬ್ಬರೂ ಅಲ್ಲಿಯವರೆಗೆ ಸುಮ್ಮನೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವರು. ಈ ಕೂಗು ಕಿವಿಗೆ ಬಿದ್ದದ್ದೇ ತಡ, ಮೈಮೇಲೆ ದೇವರು ಬಂದವರಂತೆ ಚೆಂಡಿನ ಮೇಲೆ ಎಗರಿದರು. ನಮ್ಮವರು ಚೆಂಡನ್ನು ತಬ್ಬಿಕೊಂಡು ಗೆರೆಯ ಮುಂದೆ ಬೋರಲಾಗಿ ಬಿದ್ದರು. ಸಾಹೇಬರು ಅವರನ್ನು ದಾಟಿ ಉರುಳಿದರು. ಪವಾರ ಜಾರಿ, ಕಂಬಗಳ ನಡುವಿನಿಂದ ಬಲೆಯೊಳಗೇ ಹೊಕ್ಕರು. ನಿಫಾಡಿನ ಆ ಬಲೆಗೆ ಅಷ್ಟು ದೊಡ್ಡ ಹಕ್ಕಿ ಸಿಕ್ಕಿದ್ದು ಅದೇ ಮೊದಲಿರಬೇಕು. ಕೈಕಾಲಿಗೆ ಬಲೆ ಸುತ್ತಿಕೊಂಡ ಆ ಮನುಷ್ಯ ಗಾಬರಿಯಿಂದ ಎದ್ದು ಮೈದಾನದ ಕಡೆಗೆ ಓಡಲು ನೋಡಿದರು. ಬಲೆಯ ಜೊತೆ ಗೋಲೂ ಹೊರಟಿತು.

ಅದು ಕೂಡಲೇ ಬೀಳಲಿಲ್ಲ. ಇದನ್ನೇ ನಾನು ಈಗಲೂ ತಿರುತಿರುಗಿ ನೋಡುತ್ತೇನೆ. ಮೊದಲು ಸ್ವಲ್ಪ ವಾಲಿತು. ನಿಂತು ಯೋಚಿಸಿತು. ಆಮೇಲೆ ಆ ಕಬ್ಬಿಣದ ಅಡ್ಡಪೈಪು, ಕೆಳಗೆ ಬೋರಲಾಗಿ ಮಲಗಿದ ನನ್ನ ಗಂಡನ ಬಕ್ಕತಲೆಯ ಕಡೆಗೆ, ಅವಸರವಿಲ್ಲದೆ ಬರತೊಡಗಿತು. ಇವರಿಗೆ ಏನೂ ಗೊತ್ತಿಲ್ಲ. ಎರಡೂ ಕೈಗಳಿಂದ ಚೆಂಡನ್ನು ಅವುಚಿಕೊಂಡು, ಚೀಟಿ ತಂದರೂ ಕೊಡುವುದಿಲ್ಲ ಎಂಬಂತೆ ಮಲಗಿದ್ದಾರೆ. ಚೆಂಡು ಬಿಟ್ಟು ಹೊರಳಿದರೆ ಬದುಕುತ್ತಾರೆ. ನಾನು ಸಿಂಹಾಸನದ ಮೇಲೆ ಎದ್ದು ನಿಂತೆ. ಹೊಟ್ಟೆಯ ಬುಡದಿಂದ ಕಿರುಚಿದೆ: "ಬಿಡ್ರೀ! ರೀ, ಬಿಡ್ರೀ!"

ನನ್ನ ಗಂಡ ಬಿಡಲಿಲ್ಲ. ಆದರೆ ಕುಲಕರ್ಣಿ ಸಾಹೇಬರು ನೆಲದಿಂದ ಚಿಮ್ಮಿ ಎದ್ದರು, "ಭಿಡಾ ರೇ!" ಎಂದು ಗರ್ಜಿಸಿ ಒಂದು ಕಂಬಕ್ಕೆ ಭುಜ ಕೊಟ್ಟರು. ಎದುರು ತಂಡದ ಆ ದೈತ್ಯ ಇನ್ನೊಂದು ಕಂಬಕ್ಕೆ ಡಿಕ್ಕಿ ಹೊಡೆದು ನಿಂತ. ಅಡ್ಡಪೈಪು ನಿಂತಿತು. ಇವರ ತಲೆಗೂ ಅದಕ್ಕೂ ನಡುವೆ ಒಂದು ಗೇಣು. ಆ ಗೇಣಿನಲ್ಲಿ ನನ್ನ ಕುಂಕುಮ, ಮಗಳ ಫೀಸು, ಭಾಲ್ಕಿಯ ಅತ್ತೆಯವರ ಮುಂದಿನ ಮಾತುಗಳು, ಎಲ್ಲ ಸಿಕ್ಕಿಕೊಂಡಿದ್ದವು.

ನಾಲ್ಕು ಜನ ಸೇರಿ ಕಂಬ ಎತ್ತಿದರು, ಇವರನ್ನು ಎಳೆದರು. ಕೂದಲು ಕೊಂಕಿರಲಿಲ್ಲ, ಕೊಂಕಲು ಹೆಚ್ಚೇನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಎದ್ದು ಕೂತವರು ಮೊದಲು ಕೇಳಿದ್ದು, "ಬಾಲ್ ಗೆರಿ ದಾಟೇದೇನು?" ಎಂದು. ನಂತರ ಸಾಹೇಬರ ಕಡೆ ತಿರುಗಿ ಅತ್ಯಂತ ವಿನಯದಿಂದ, "ಸಾಹೇಬ್, ನಾ ಬಿಡ್ರಿ ಅಂದೆ. ನೀವ್ಯಾಕ ಬಂದ್ರಿ?" ಎಂದರು.

ಸಾಹೇಬರಿಗೆ ಸಿಟ್ಟು ಬಂತು. "ತುಮ್ಹೀಚ ಮ್ಹಣಾಲಾತ ನಾ, ಭಿಡ್ ಮ್ಹಣೂನ!" ನೀವೇ ಹೇಳಿದಿರಲ್ಲ, ಭಿಡ್ ಅಂತ.

"ಬಿಡ್!"

"ತೇಚ ತರ! ಭಿಡ್!" ಅದೇ ಮತ್ತೆ, ಭಿಡ್.

ಇಬ್ಬರೂ ಒಂದೇ ಮಾತನ್ನು ಒಬ್ಬರ ಮೇಲೊಬ್ಬರು ಎಸೆಯುತ್ತ ನಿಂತಾಗ ವರನ ಸಿಂಹಾಸನದಿಂದ ಅಕ್ಷತಾ ಹೊಟ್ಟೆ ಹಿಡಿದುಕೊಂಡು ಇಳಿದು ಬಂದಳು. "ಪಪ್ಪಾ, ಮರಾಠಿಯೊಳಗ ಭಿಡ್ ಅಂದ್ರ ಮ್ಯಾಲ ಬೀಳು, ಫೈಟ್ ಕರ್, ಅಂತ! ನೀವ ಅವ್ರಿಗೆ ಸೋಡ್ ಮ್ಹಣಾಯ್ಚಾ ಐವಜಿ ಭಿಡ್ ಅಂದ್ರಿ ನಾ. ಮಮ್ಮೀನೂ ಸೇಮ್!" ಸೋಡ್ ಎಂದರೆ ಮರಾಠಿಯ ಬಿಡು; ನಾವು ಕೂಗಿದ ಕನ್ನಡದ ಬಿಡು ಅವರ ಕಿವಿಗೆ ಭಿಡ್ ಆಗಿತ್ತು. ಒಂದು ಅಕ್ಷರದ ಉಸಿರಿನ ವ್ಯತ್ಯಾಸ. ಗಂಡ ಕೂಗಿದಾಗ ಆ ಉಸಿರು ಪ್ರಾಣಕ್ಕೆ ಕುತ್ತು ತಂದಿತು. ಹೆಂಡತಿ ಕೂಗಿದಾಗ ಪ್ರಾಣ ಉಳಿಸಿತು. ಫುಟ್‌ಬಾಲ್ ಪುಸ್ತಕಗಳನ್ನು ಕೇಳುವವರಿಗೆ ನಾನು ಈಗ ಎಲ್ಲಕ್ಕಿಂತ ಮೊದಲು ಕನ್ನಡ–ಮರಾಠಿ ನಿಘಂಟು ಕೊಡುತ್ತೇನೆ. ನಗಬೇಡಿ.

ರೆಫರಿ ಒಂದು ಶಾಲೆಯ ಡ್ರಿಲ್ ಮಾಸ್ತರರು. ಅವರು ವೇದಿಕೆಯ ಹತ್ತಿರ ಬಂದು, "ವಹಿನಿ, ನೀವು ಪುಸ್ತಕ ಓದೀರಂತ. ಬಾಲ್ ಗೋಲಿನಾಗ ಹೋಗಿಲ್ಲ, ಗೋಲೇ ಬಾಲಿನ ಮ್ಯಾಲ ಬಂದದ. ಇದು ಗೋಲ್ ಏನ್ರಿ?" ಎಂದು ಕೇಳಿದರು. ಅವರೂ ನಮ್ಮ ಕಲಬುರಗಿ ಕಡೆಯವರೆಂದು ಆಗ ತಿಳಿಯಿತು. ಬೇರೆ ಹೊತ್ತಿನಲ್ಲಾಗಿದ್ದರೆ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದೆ. ಆಗ ಮಾತ್ರ, "ಮೊದಲ ಆ ಕಂಬ ಮಲಗಿಸ್ರಿ" ಎಂದೆ. ಅವರು ಪಂದ್ಯ ನಿಲ್ಲಿಸಿ, ಇತ್ಯರ್ಥ ಮುಂದಿನ ತಿಂಗಳು ಸಂಭಾಜಿನಗರದಲ್ಲಿ ಎಂದು ಸಾರಿದರು.

ಅಂದಿನಿಂದ ನಮ್ಮ ಮನೆಯಲ್ಲಿ ನಿದ್ದೆ ಇಲ್ಲವಾಯಿತು. ನಾನು ಕಣ್ಣು ಮುಚ್ಚಿದರೆ ಆ ಪೈಪು ವಾಲುತ್ತದೆ, ಯೋಚಿಸುತ್ತದೆ, ಬರತೊಡಗುತ್ತದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ಇವರ ತಲೆ ನೋಡಲು ಓಡುತ್ತೇನೆ. ಕಾಲೇಜಿನಲ್ಲಿ ಎಲ್ಲ ಕಬ್ಬಿಣದ ಕಪಾಟುಗಳನ್ನೂ ಗೋಡೆಗೆ ಬೋಲ್ಟು ಹಾಕಿಸಿದೆ. ಪ್ರಿನ್ಸಿಪಾಲರು ಕಾರಣ ಕೇಳಿದ್ದಕ್ಕೆ ಭೂಕಂಪ ಎಂದೆ. ಪಕ್ಕದಲ್ಲಿ ಇವರೂ ಹೊರಳುತ್ತಿದ್ದರು. ಪಾಪ, ಸಾವಿನ ಬಾಯಿಂದ ಬಂದವರು, ಅವರಿಗೂ ಅದೇ ಭಯ ಎಂದು ತಲೆ ಸವರಿ, "ಹೆದರಬ್ಯಾಡ್ರಿ" ಎಂದೆ.

"ಹೆದರಿಕಿ ಯಾತರದು? ಅದು ಗೋಲ್ ಹೌದೋ ಅಲ್ಲೋ, ಅದ ತಿಳೀವಲ್ದು."

ಸವರುತ್ತಿದ್ದ ಕೈ ಹಿಂದೆ ತೆಗೆದುಕೊಂಡೆ. ಒಂದೇ ಹಾಸಿಗೆಯಲ್ಲಿ ಇಬ್ಬರು, ಇಬ್ಬರಿಗೂ ಎಚ್ಚರ. ಒಬ್ಬಳು ತಲೆಯ ಚಿಂತೆಯಲ್ಲಿ, ಇನ್ನೊಬ್ಬರು ಗೆರೆಯ ಚಿಂತೆಯಲ್ಲಿ. ಸಂಭಾಜಿನಗರಕ್ಕೆ ಹೋಗಕೂಡದು ಎಂದು ನಾನು ಪಟ್ಟು ಹಿಡಿದೆ. ಅತ್ತೆಯವರಿಗೆ ಹೇಳುತ್ತೇನೆಂದೆ. ಅವರಿಗೆ ಇವರೇ ಮುಂಚಿತವಾಗಿ ಫೋನ್ ಮಾಡಿ ಹೇಳಿಯಾಗಿತ್ತು. ಫೋನಿನ ಆ ಕಥೆಯಲ್ಲಿ ಕಂಬವನ್ನು ತಡೆದವರು ಇವರೇ, ಒಂದೇ ಕೈಯಿಂದ. "ನನ್ನ ಮಗಾ ಹುಲಿ ಇದ್ದಾನ, ಬಿಡವಾ ಅವಂಗ," ಎಂದು ಅತ್ತೆ ನನಗೇ ಬುದ್ಧಿ ಹೇಳಿದರು. ಬಿಡು ಎಂಬ ಮಾತು ಕೇಳಿದರೆ ಈಗ ನನಗೆ ಮೈ ನಡುಗುತ್ತದೆ ಎಂದು ಅವರಿಗೆ ಹೇಗೆ ತಿಳಿಸಲಿ?

ಹೋದೆವು. ಯೇವಲಾದಲ್ಲಿ ಬಸ್ಸು ನಿಂತಾಗ ಇವರು ನನ್ನ ಮನಸ್ಸು ತಿರುಗಿಸಲು ಪೈಠಣಿ ಸೀರೆಯ ಅಂಗಡಿ ತೋರಿಸಿದರು. ನಾನು ತಿರುಗಿ ನೋಡಲಿಲ್ಲ. ನನ್ನ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದು ಇದರಿಂದಲೇ ತಿಳಿಯಿರಿ. ವಾಳೂಜದ ಮೈದಾನ ಮುಟ್ಟಿದವಳೇ ಚೀಲವನ್ನು ಮಗಳ ಕೈಗಿಟ್ಟು, ಸೆರಗು ಸಿಕ್ಕಿಸಿ, ನೇರ ಗೋಲಿಗೆ ಹೋಗಿ ಕಂಬವನ್ನು ನೂಕಿದೆ. ಅಲುಗಲಿಲ್ಲ. ಬೆನ್ನು ಕೊಟ್ಟು ನೂಕಿದೆ. ಹಣೆ ಆನಿಸಿ ನೂಕಿದೆ. ಬುಡದಲ್ಲಿ ಕಾಂಕ್ರೀಟು. ಆಮೇಲೆ ಇನ್ನೊಂದು ಕಂಬಕ್ಕೂ ಹಾಗೆಯೇ ಮಾಡಿದೆ. ತಿರುಗಿ ನೋಡಿದರೆ ಎರಡೂ ತಂಡಗಳು ನಿಂತು ನನ್ನನ್ನೇ ನೋಡುತ್ತಿವೆ. ನಾಸಿಕದವರು ಕಂಬಕ್ಕೆ ಏನೋ ಮಾಟ ಮಾಡಿಸುತ್ತಿದ್ದಾರೆಂದು ವಾಳೂಜದ ನಾಯಕ ತಕರಾರು ತೆಗೆದ. ಕುಲಕರ್ಣಿ ಸಾಹೇಬರು ಘನವಾಗಿ, ಛೇ, ನಮ್ಮ ಪದ್ಧತಿ, ಪೂಜೆ ಎಂದರು. ಆಗ ವಾಳೂಜದವರೂ ಒಬ್ಬೊಬ್ಬರಾಗಿ ಬಂದು ಕಂಬಕ್ಕೆ ಹಣೆ ಹಚ್ಚಿ ಹೋದರು. ಆ ದೈತ್ಯ ಎರಡು ಸಲ ಹಚ್ಚಿದ.

ಮೈದಾನದ ಪಕ್ಕದಲ್ಲಿ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದವರು ನಮ್ಮ ಕಡೆಯವರೇ, ಅಫಜಲಪುರದ ಸಂಸಾರಗಳು. ಭಾನುವಾರವಾದ್ದರಿಂದ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದರು. ಕನ್ನಡ ಕೇಳಿದ್ದೇ ಅವರೆಲ್ಲ ನಾಸಿಕದ ಕಡೆಯಾದರು. ಅಕ್ಷತಾ ಈ ಸಲ ಅಪ್ಪನಿಗೆ ಶುದ್ಧ ಮರಾಠಿ ಶಬ್ದ ಬಾಯಿಪಾಠ ಮಾಡಿಸಿದ್ದಳು. ಬಿಡಿ ಎನ್ನಲು ಸೋಡಾ. ಮರ್ಯಾದೆಯೂ ಅದರಲ್ಲೇ ಇದೆ ಎಂದು ಇವರಿಗೆ ಸಮಾಧಾನ. ಆಟ ಶುರುವಾಯಿತು, ಚೆಂಡು ಬಂತು, ನಮ್ಮವರು ಗಂಟಲು ಬಿಚ್ಚಿದರು: "ಸೋಡಾ! ಸೋಡಾ!"

ಸಾಹೇಬರು, ಪವಾರ ಇಬ್ಬರೂ ಕಲಿತ ಮಕ್ಕಳಂತೆ ಸರಿದು ನಿಂತರು. ಪುಸ್ತಕದಲ್ಲಿದ್ದಂತೆಯೇ. ಗೋಡೆಯ ಮೇಲಿಂದ ಮಾತ್ರ ಒಬ್ಬ ಹೆಂಗಸು, "ಅಯ್ಯ, ಅಣ್ಣಾರಿಗಿ ನೀರಡಿಸ್ಯಾದ್ರೇ! ಸೋಡಾ ಕೇಳ್ಲಿಕ್ಕತ್ಯಾರ, ಯಾರೂ ಕೊಡವಲ್ರು!" ಎಂದು ಮರುಗಿ ಗೋಡೆ ಇಳಿದು, ನೀರಿನ ಬಾಟಲಿ ಹಿಡಿದು ಗೋಲಿಗೇ ಬಂದುಬಿಟ್ಟಳು. ಊರಿನ ಕಡೆಯ ಹೆಣ್ಣುಮಗಳು ನೀರು ತಂದಾಗ ಮುಖ ತಿರುಗಿಸುವುದು ಹೇಗೆ? ನಮ್ಮವರು, "ಬ್ಯಾಡ ತಂಗಿ, ಆಮ್ಯಾಲ ಕುಡೀತೀನಿ," ಎಂದು ಕೈಮುಗಿದರು. ಅವರು ಕೈಮುಗಿದಿದ್ದಾಗ ಚೆಂಡು ಅವರ ಪಕ್ಕದಿಂದ ಒಳಗೆ ಹೋಯಿತು. ಆಮೇಲೆ ಎಷ್ಟು ಹೋದವೋ! ಪ್ರತಿ ಕೂಗಿಗೂ ಗೋಡೆಯ ಮೇಲೆ, "ಈಗರೆ ಕುಡೀರಿ ಅಣ್ಣಾ!" ಎಂಬ ಕೂಗು, ಇವರಿಗೆ ನಗೆ, ಚೆಂಡು ಒಳಗೆ. ಕೊನೆಗೆ ಇಲ್ಲಿಯೂ ರೆಫರಿಯಾಗಿದ್ದ ಡ್ರಿಲ್ ಮಾಸ್ತರರು ಎಣಿಸುವುದನ್ನೇ ನಿಲ್ಲಿಸಿದರು. ನಾನು ಆಟ ನೋಡಲಿಲ್ಲ, ಕಂಬ ನೋಡುತ್ತಿದ್ದೆ. ಅದು ಒಮ್ಮೆಯೂ ಅಲುಗಲಿಲ್ಲ. ಆ ದೈತ್ಯ ಕೂಡ ಒಂದು ಸಲ ಅದಕ್ಕೆ ಢೀ ಕೊಟ್ಟು ತಾನೇ ಕುಳಿತುಕೊಂಡ.

ವಾಪಸು ಬರುವಾಗ ಇವರು ಪ್ರಸನ್ನರಾಗಿದ್ದರು. ಇಷ್ಟು ಸ್ಪಷ್ಟವಾಗಿ ಸೋತ ಮೇಲೆ ಅನುಮಾನಕ್ಕೆ ಜಾಗವೇ ಉಳಿದಿರಲಿಲ್ಲ. ಗೆರೆ ದಾಟಿತೋ ಇಲ್ಲವೋ ಎಂದು ಕೇಳುವಂಥ ಚೆಂಡು ಒಂದೂ ಇರಲಿಲ್ಲ, ಎಲ್ಲವೂ ದಾಟಿದ್ದವು. ನನಗೂ ಎದೆಯ ಮೇಲಿನ ಪೈಪು ಯಾರೋ ಎತ್ತಿಟ್ಟಂತಾಗಿತ್ತು. ಆ ಭಾನುವಾರ, ಲಾನಿನ ಪಂದ್ಯದ ನಂತರ ಮೊದಲ ಬಾರಿಗೆ, ನಾವಿಬ್ಬರೂ ಬೆಳಗಿನ ತನಕ ಎಚ್ಚರವಿಲ್ಲದೆ ಮಲಗಿದೆವು. ನನಗೆ ಕನಸು ಕೂಡ ಬಿದ್ದಂತಿಲ್ಲ.

ಸೋಮವಾರ ಚಹಾ ತಂದಾಗ ಇವರು ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕೂತು, ಮೊಣಕಾಲ ಕೆಳಗೆ ಬದನೆಕಾಯಿ ಬಣ್ಣಕ್ಕೆ ತಿರುಗಿದ ಒಂದು ಬಾವನ್ನು ಆಶ್ಚರ್ಯದಿಂದ ನೋಡುತ್ತಿದ್ದರು. ಎರಡೂ ಪಂದ್ಯಗಳಲ್ಲಿ ಗೀರು ಕೂಡ ಆಗದ ಕಾಲು.

"ಮಮ್ಮಿ, ನೀ ರಾತ್ರಿ ಪೂರ್ತಿ ಲಾಥಾ ಹೊಡೀಲಿಕ್ಕತ್ತಿದ್ದಿ," ಎಂದಳು ಅಕ್ಷತಾ, ಬಾಗಿಲಲ್ಲಿ ಹಲ್ಲುಜ್ಜುತ್ತ. ಲಾಥಾ ಎಂದರೆ ಒದೆತ. "ಧಡ್ ಧಡ್ ಆವಾಜ್ ನನ್ನ ರೂಮಿಗಿ ಬರ್ತಿತ್ತು, ಎದ್ದ ಬಂದ್ ನೋಡಿದೆ. ನನಗ ನಿದ್ದೀನ ಬಂದಿಲ್ಲ."

ಇವರು ಕುಂಟುತ್ತ ಕಾರ್ಖಾನೆಗೆ ಹೋದರು. ಅಲ್ಲಿ ಎಲ್ಲರೂ ವಾಳೂಜದ ಆ ದೈತ್ಯನನ್ನು ಬೈದರಂತೆ. ಸಾಹೇಬರು ಅವನ ಮೇಲೆ ಅಲ್ಲಿಯ ಘಟಕಕ್ಕೆ ಖಾರವಾಗಿಯೇ ಬರೆಯುತ್ತೇನೆಂದರಂತೆ. ನಮ್ಮವರು ಮರ್ಯಾದಸ್ಥರು, ಸುಮ್ಮನಿದ್ದರು. ನಾನೂ ಸುಮ್ಮನಿದ್ದೇನೆ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆಯಾಗಿದೆ.